ವಜ್ರದಂಥ ಭಾಷೆ, ನೀರಿನಂಥ ಭಾಷೆ

1937ರ ಡಿಸೆಂಬರ್ ಕೊನೆಯ ವಾರದಲ್ಲಿ, ಭೂಗೋಳದ ಎರಡು ಅಂಚುಗಳಲ್ಲಿರುವ ಎರಡು ದ್ವೀಪರಾಷ್ಟ್ರಗಳಲ್ಲಿ, ಒಂದೇ ದಿನದ ಅಂತರದಲ್ಲಿ ಎರಡು ಘಟನೆಗಳು ನಡೆದವು. ಡಿಸೆಂಬರ್ 29ರಂದು ಐರ್ಲೆಂಡಿನ ಹೊಸ ಸಂವಿಧಾನ ಜಾರಿಗೆ ಬಂತು. ಅದರ ಎಂಟನೆಯ ವಿಧಿ ಐರಿಷ್ ಭಾಷೆಯನ್ನು ರಾಷ್ಟ್ರಭಾಷೆಯೆಂದೂ ಪ್ರಥಮ ಅಧಿಕೃತ ಭಾಷೆಯೆಂದೂ ಸಾರಿ, ಇಂಗ್ಲಿಷಿಗೆ ಎರಡನೆಯ ಸ್ಥಾನ ನೀಡಿತು. ಮರುದಿನ, ಡಿಸೆಂಬರ್ 30ರಂದು, ಅಮೆರಿಕದ ಅಧೀನದಲ್ಲಿದ್ದುಕೊಂಡೇ ಸ್ವಾತಂತ್ರ್ಯಕ್ಕೆ ಸಿದ್ಧವಾಗುತ್ತಿದ್ದ ಫಿಲಿಪ್ಪೀನ್ಸಿನ ಅಧ್ಯಕ್ಷ ಮ್ಯಾನುಯೆಲ್ ಕೆಸೋನ್, ಟಗಾಲೊಗ್ ಭಾಷೆಯನ್ನು ಆಧರಿಸಿ ದೇಶಕ್ಕೊಂದು ರಾಷ್ಟ್ರಭಾಷೆ ರೂಪುಗೊಳ್ಳಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ಆ ಭಾಷೆಯೇ ಇಂದು ಫಿಲಿಪಿನೋ ಎಂದು ಕರೆಸಿಕೊಳ್ಳುತ್ತಿದೆ.

ಎಂಟೂವರೆ ದಶಕಗಳಿಗೂ ಮಿಕ್ಕಿದ ಕಾಲ ಸಂದಿದೆ. ಎರಡೂ ದೇಶಗಳು ಪರಭಾಷೆಯ ಆಳ್ವಿಕೆಯಿಂದ ಹೊರಬಂದವು, ಎರಡೂ ಇಂಗ್ಲಿಷಿನ ಬದಿಯಲ್ಲಿ ಸ್ವಂತ ಭಾಷೆಯನ್ನು ಕೂರಿಸಲು ಹೊರಟವು. ಆದರೆ ಫಲಿತಾಂಶ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಸರ್ಕಾರವು ಭಾಷೆಗಾಗಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜೋಡಿ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಎರಡು ಭಾಷೆಗಳ ಪರಿಚಯ ನನಗಾದದ್ದು ಆಕಸ್ಮಿಕವಾಗಿ. ಸೇವೆಯಲ್ಲಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಒಂದು ತರಬೇತಿಗಾಗಿ ಮನಿಲಾದಲ್ಲಿ ಕೆಲವು ವಾರ ಇದ್ದೆ. ನಿವೃತ್ತಿಯ ನಂತರ, ಡಬ್ಲಿನ್ನಿನಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿಬರುವುದು ಅಭ್ಯಾಸವಾಗಿದೆ. ಒಮ್ಮೆ ನನ್ನ ಪತ್ನಿ ಕಾಲು ಉಳುಕಿಸಿಕೊಂಡು ಅಲ್ಲಿನ ಆಸ್ಪತ್ರೆಗೆ ಹೋದಾಗ ಪಟ್ಟಿ ಕಟ್ಟಿದ ದಾದಿ ಫಿಲಿಪ್ಪೀನ್ಸಿನವರು. 2000ದ ಆಸುಪಾಸಿನಿಂದ ಐರ್ಲೆಂಡಿನ ಆಸ್ಪತ್ರೆಗಳು ಆ ದೇಶದಿಂದ ದೊಡ್ಡ ಸಂಖ್ಯೆಯಲ್ಲಿ ದಾದಿಯರನ್ನು ಕರೆಸಿಕೊಂಡಿವೆ. ಆಕೆ ಸೆಬು ದ್ವೀಪದವರು. ಮನೆಯಲ್ಲಿ ಸೆಬುವಾನೊ, ತಮ್ಮ ದೇಶದ ಇತರ ದಾದಿಯರೊಂದಿಗೆ ಫಿಲಿಪಿನೋ, ರೋಗಿಗಳೊಂದಿಗೆ ಇಂಗ್ಲಿಷ್. ಮಗನಿಗೆ ಶಾಲೆಯಲ್ಲಿ ಐರಿಷ್ ಕಡ್ಡಾಯ. ‘ಅವನ ಐರಿಷ್ ಮನೆಪಾಠ ಹೇಳಿಕೊಡಲು ನನಗೂ ಬರುವುದಿಲ್ಲ, ಪಕ್ಕದ ಮನೆಯ ಐರಿಷ್ ತಾಯಿಗೂ ಬರುವುದಿಲ್ಲ’ ಎಂದು ನಕ್ಕರು. ಆ ಒಂದು ಮಾತಿನಲ್ಲಿ ಎರಡು ದೇಶಗಳ ಭಾಷಾನೀತಿಯ ಚರಿತ್ರೆಯೇ ಅಡಗಿತ್ತು.

ಮೊದಲು ಭಾಷೆಗಳ ಸ್ವರೂಪವನ್ನೇ ನೋಡೋಣ. ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ ಸೆಲ್ಟಿಕ್ ಶಾಖೆಗೆ ಸೇರಿದ್ದು. ಫಿಲಿಪಿನೋ, ಮಲಯ ಮತ್ತು ಹವಾಯಿ ಭಾಷೆಗಳನ್ನೊಳಗೊಂಡ ಆಸ್ಟ್ರೊನೇಷ್ಯನ್ ಕುಟುಂಬದ್ದು. ಇವೆರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಒಂದು ವಿಚಿತ್ರ ಸಾಮ್ಯವುಂಟು. ಎರಡರಲ್ಲಿಯೂ ವಾಕ್ಯ ಆರಂಭವಾಗುವುದು ಕ್ರಿಯಾಪದದಿಂದ. ನಾವು ‘ಹುಡುಗ ನಾಯಿಯನ್ನು ಕಂಡ’ ಎನ್ನುವ ಕಡೆ ಅವರು ‘ಕಂಡ ಹುಡುಗ ನಾಯಿಯನ್ನು’ ಎನ್ನುತ್ತಾರೆ. ಜಗತ್ತಿನ ಭಾಷೆಗಳಲ್ಲಿ ಈ ಕ್ರಮ ಅಲ್ಪಸಂಖ್ಯಾತವಾದದ್ದು.

ಪದ ಕಟ್ಟುವ ಬಗೆಯಲ್ಲಿ ಮಾತ್ರ ಇವು ಬೇರೆ ಬೇರೆ. ನಾವು ಪ್ರಧಾನವಾಗಿ ಪದದ ಕೊನೆಗೆ ಪ್ರತ್ಯಯ ಹಚ್ಚುತ್ತೇವೆ. ಫಿಲಿಪಿನೋ ಪದದ ಹೊಟ್ಟೆಯೊಳಗೇ ಪ್ರತ್ಯಯವನ್ನು ತೂರಿಸಬಲ್ಲದು: ‘ಬಿಲಿ’ ಎಂದರೆ ಕೊಳ್ಳುವುದು, ‘ಬುಮಿಲಿ’ ಎಂದರೆ ಕೊಂಡರು. ಐರಿಷಿನಲ್ಲಿ ಪದದ ಮೊದಲ ಅಕ್ಷರವೇ ಬದಲಾಗುತ್ತದೆ: ‘ಕಾರಾ’ ಎಂದರೆ ಸ್ನೇಹಿತ, ‘ಆರ್ ಗಾರಾ’ ಎಂದರೆ ನಮ್ಮ ಸ್ನೇಹಿತ. ಕಕಾರ ಗಕಾರವಾಗುವ ಈ ಪರಿ ನಮಗೆ ಹೊಸದೇನಲ್ಲ. ‘ಹೊಸ’ ಮತ್ತು ‘ಕನ್ನಡ’ ಸೇರಿ ‘ಹೊಸಗನ್ನಡ’ ಆಗುವುದನ್ನು ಪ್ರೌಢಶಾಲೆಯಲ್ಲಿ ಆದೇಶಸಂಧಿಯೆಂದು ಕಲಿತವರೇ ನಾವೆಲ್ಲ. ‘ನನ್ನ ಹತ್ತಿರ ಪುಸ್ತಕ ಇದೆ’ ಎಂಬ ನಮ್ಮ ವಾಕ್ಯವೂ ಐರಿಷಿಗೆ ಸಹಜ. ‘ಹೌದು’, ‘ಇಲ್ಲ’ ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಪದಗಳಿಲ್ಲ. ‘ನೋಡಿದೆಯಾ?’ ಎಂದರೆ ‘ನೋಡಿದೆ’ ಎಂದೇ ಉತ್ತರ.

ಇಂಥ ಭಾಷೆ ಸೊರಗಿದ್ದು ಹೇಗೆ? 1831ರಲ್ಲಿ ಬ್ರಿಟಿಷ್ ಆಡಳಿತ ಸ್ಥಾಪಿಸಿದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. 1845ರಲ್ಲಿ ಆಲೂಗೆಡ್ಡೆ ಬೆಳೆಗೆ ರೋಗ ತಗಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು, ಹಡಗು ಹತ್ತಿದರು. ಸತ್ತವರಲ್ಲಿ ಮತ್ತು ವಲಸೆ ಹೋದವರಲ್ಲಿ ಐರಿಷ್ ಭಾಷಿಕರಾದ ಬಡ ರೈತರ ಪಾಲು ದೊಡ್ಡದು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು 15 ಲಕ್ಷದಷ್ಟಿದ್ದರು. ನಲವತ್ತು ವರ್ಷಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಆದರೆ ಎಲ್ಲವನ್ನೂ ಆಳುವವರ ತಲೆಗೆ ಕಟ್ಟಿದರೆ ಚರಿತ್ರೆಗೆ ಅಪಚಾರವಾದೀತು. ಅಂದಿನ ಐರಿಷ್ ಮಕ್ಕಳ ಕೊರಳಿಗೆ ಒಂದು ಕೋಲನ್ನು ಕಟ್ಟುತ್ತಿದ್ದರು. ಮಗು ಐರಿಷಿನಲ್ಲಿ ಮಾತಾಡಿದಾಗಲೆಲ್ಲ ಆ ಕೋಲಿನ ಮೇಲೊಂದು ಗೀಟು, ಸಂಜೆ ಗೀಟುಗಳನ್ನು ಎಣಿಸಿ ಅಷ್ಟು ಏಟು. ಮನೆಯಲ್ಲಿ ಆ ಗೀಟು ಕೆತ್ತಲು ತಂದೆತಾಯಿಯರೂ ಕೈಜೋಡಿಸುತ್ತಿದ್ದರೆಂಬುದು ಮನಕಲಕುವ ಸಂಗತಿ. ಅವರು ಭಾಷಾದ್ವೇಷಿಗಳಾಗಿರಲಿಲ್ಲ. ಬಾಸ್ಟನ್ನಿಗೋ ಲಿವರ್‌ಪೂಲಿಗೋ ಹೋಗಲೇಬೇಕಾಗಿದ್ದ ಮಗುವಿಗೆ ಅನ್ನ ಕೊಡುವ ಭಾಷೆ ಯಾವುದೆಂದು ಲೆಕ್ಕ ಹಾಕಿದ ಬಡವರು. ಸ್ವತಃ ಐರಿಷ್ ಮಾತೃಭಾಷೆಯ ಜನನಾಯಕ ಡೇನಿಯಲ್ ಓಕಾನೆಲ್ ಕೂಡ, ಉಪಯುಕ್ತತೆಯ ದೃಷ್ಟಿಯಿಂದ ಆ ಭಾಷೆ ಹಿಂದೆ ಸರಿಯುತ್ತಿರುವುದಕ್ಕೆ ತಮಗೆ ವಿಷಾದವಿಲ್ಲವೆಂಬ ನಿಲುವು ತಾಳಿದ್ದರು.

1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಸ್ಥಾಪಿಸಿ ಭಾಷೆಯ ಪುನರುಜ್ಜೀವನಕ್ಕೆ ನಾಂದಿ ಹಾಡಿದರು. 1922ರಲ್ಲಿ ರಾಜ್ಯಾಧಿಕಾರ ಕೈಗೆ ಬಂದೊಡನೆ ಐರಿಷನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸಲಾಯಿತು. ಸರ್ಕಾರಿ ನೌಕರಿಗೆ ಅದರ ಜ್ಞಾನ ಬೇಕೇಬೇಕೆಂದಾಯಿತು. ಶಾಲಾಂತ್ಯ ಪರೀಕ್ಷೆಯಲ್ಲಿ ಐರಿಷಿನಲ್ಲಿ ನಪಾಸಾದರೆ ಇಡೀ ಪರೀಕ್ಷೆಯೇ ನಪಾಸು ಎಂಬ ನಿಯಮ 1973ರವರೆಗೂ ಇತ್ತು. ನೌಕರಿಯ ಷರತ್ತು ಮರುವರ್ಷ ಹೋಯಿತು. ಶಾಲೆಯಲ್ಲಿ ಮಾತ್ರ ಇಂದಿಗೂ ಮಕ್ಕಳು ಹದಿಮೂರು ಹದಿನಾಲ್ಕು ವರ್ಷ ಐರಿಷ್ ಓದುತ್ತಾರೆ. ಫಲವೇನು? 2022ರ ಜನಗಣತಿಯ ಪ್ರಕಾರ ಐರಿಷ್ ಬಲ್ಲೆವೆಂದು ಹೇಳಿಕೊಂಡವರು 18.7 ಲಕ್ಷ, ಅಂದರೆ ಶೇ 40ರಷ್ಟು. ಶಾಲೆಯ ಹೊರಗೆ ಅದನ್ನು ಪ್ರತಿದಿನ ಆಡುವವರು ಸುಮಾರು 72 ಸಾವಿರ, ಐವತ್ತೊಂದು ಲಕ್ಷ ಜನಸಂಖ್ಯೆಯಲ್ಲಿ ಶೇ ಒಂದೂವರೆಗೂ ಕಡಿಮೆ. ನನ್ನ ಅಳಿಯನ ಸಹೋದ್ಯೋಗಿಗಳನ್ನು ಕೇಳಿದರೆ, ಶಾಲೆಯ ಐರಿಷಿನಲ್ಲಿ ನೆನಪಿರುವುದು ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವ ಒಂದೇ ವಾಕ್ಯವೆಂದು ನಗುತ್ತಾರೆ.

ಇನ್ನು ಫಿಲಿಪ್ಪೀನ್ಸ್. 1565ರಿಂದ 1898ರವರೆಗೆ ಆಳಿದ ಸ್ಪೇನ್ ತನ್ನ ಭಾಷೆಯನ್ನು ಜನಸಾಮಾನ್ಯರಿಗೆ ಹಂಚಲಿಲ್ಲ. ಪಾದ್ರಿಗಳು ತಾವೇ ಸ್ಥಳೀಯ ಭಾಷೆಗಳನ್ನು ಕಲಿತು ಬೋಧಿಸಿದರು. ಆದ್ದರಿಂದ ಆ ಭಾಷೆಗಳು ಉಳಿದವು, ಸಾವಿರಾರು ಸ್ಪ್ಯಾನಿಷ್ ಪದಗಳು ಅವುಗಳೊಳಗೆ ಬಂದು ನೆಲೆಸಿದವು. ಅಮೆರಿಕನ್ನರ ನೀತಿ ಬೇರೆ. 1901ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು ಐನೂರು ಶಿಕ್ಷಕರನ್ನು ಕಳಿಸಿ, ಸಾರ್ವಜನಿಕ ಶಾಲೆಗಳನ್ನು ತೆರೆದು, ಇಂಗ್ಲಿಷನ್ನು ಮಾಧ್ಯಮವಾಗಿಸಿದರು. ಮೂರು ಶತಮಾನಗಳಲ್ಲಿ ಸ್ಪ್ಯಾನಿಷ್ ಮಾಡಲಾಗದ್ದನ್ನು ಇಂಗ್ಲಿಷ್ ಮೂರು ದಶಕಗಳಲ್ಲಿ ಮಾಡಿತು.

ಆ ದೇಶದಲ್ಲಿ 170ಕ್ಕೂ ಹೆಚ್ಚು ಭಾಷೆಗಳಿವೆ. ಯಾವುದೊಂದನ್ನು ಆರಿಸಿದರೂ ಉಳಿದವರಿಗೆ ನೋವು. ಕೆಸೋನ್ ಸ್ವತಃ ಟಗಾಲೊಗ್ ಭಾಷಿಕರು. ಆದರೆ 1936ರಲ್ಲಿ ರಚನೆಯಾದ ಭಾಷಾ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಅವರು ನೇಮಿಸಿದ್ದು ವಿಸಾಯಾ ಪ್ರಾಂತದ ಹೈಮೆ ದೆ ವೇಯ್ರಾ ಅವರನ್ನು. ಸಂಸ್ಥೆ ಟಗಾಲೊಗನ್ನೇ ಶಿಫಾರಸು ಮಾಡಿತು. ಅಸಮಾಧಾನ ತಣಿಯಲಿಲ್ಲ. 1959ರಲ್ಲಿ ಹೆಸರನ್ನು ‘ಪಿಲಿಪಿನೋ’ ಎಂದು ಬದಲಿಸಲಾಯಿತು. ಟಗಾಲೊಗ್‌ಗೆ ಫಕಾರದ ಧ್ವನಿ ಇರಲಿಲ್ಲ. ಆ ಧ್ವನಿಯುಳ್ಳ ಇತರ ಭಾಷೆಗಳನ್ನೂ ಒಳಗೊಳ್ಳುವ ಸಂಕೇತವಾಗಿ ಮುಂದಿನ ಸಂವಿಧಾನಗಳು ‘ಫಿಲಿಪಿನೋ’ ಎಂದವು. 1987ರ ಸಂವಿಧಾನವು ಈ ಭಾಷೆ ದೇಶದ ಇತರ ಭಾಷೆಗಳಿಂದಲೂ ಹೊರಗಿನ ಭಾಷೆಗಳಿಂದಲೂ ಪುಷ್ಟಿ ಪಡೆಯಬೇಕೆಂದು ಆಶಿಸಿ, ಬೇರೆ ಕಾನೂನು ಬರುವವರೆಗೆ ಇಂಗ್ಲಿಷೂ ಅಧಿಕೃತ ಭಾಷೆಯಾಗಿರಲಿ ಎಂದಿತು. ಆ ಬೇರೆ ಕಾನೂನು ಇನ್ನೂ ಬಂದಿಲ್ಲ. ಹದಿನೈದು ವರ್ಷಗಳ ಕರಾರಿನ ಮೇಲೆ ಇಂಗ್ಲಿಷನ್ನು ಬಾಡಿಗೆಗೆ ಇಟ್ಟುಕೊಂಡ ನಮಗೆ ಇದು ಆಶ್ಚರ್ಯ ತರಬಾರದು.

ಆದರೂ ಫಿಲಿಪಿನೋ ಹಬ್ಬಿತು. 2020ರ ಜನಗಣತಿಯಲ್ಲಿ ಸುಮಾರು ಶೇ 40ರಷ್ಟು ಮನೆಗಳ ಮಾತು ಟಗಾಲೊಗ್. ಅದನ್ನು ಎರಡನೆಯ ಭಾಷೆಯಾಗಿ ಅರ್ಥ ಮಾಡಿಕೊಳ್ಳುವವರನ್ನು ಸೇರಿಸಿದರೆ ದೇಶದ ಬಹುಪಾಲು ಜನ ಅದರ ತೆಕ್ಕೆಯಲ್ಲಿದ್ದಾರೆ. ಇದಕ್ಕೆ ಶಾಲೆಯೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಸಿನಿಮಾ, ರೇಡಿಯೊ, ಟಿ.ವಿ. ಸುದ್ದಿ ಮತ್ತು ಕೆಲಸ ಹುಡುಕಿಕೊಂಡು ಮನಿಲಾಕ್ಕೆ ಬಂದ ಜನ. ಅಲ್ಲಿನ ಜೀಪ್‌ನಿ ವಾಹನದಲ್ಲಿ ಇಳಿಯಬೇಕಾದವರು ‘ಪಾರಾ ಪೋ’ ಎಂದು ಕೂಗುವುದನ್ನು ನಾನು ದಿನವೂ ಕೇಳುತ್ತಿದ್ದೆ. ‘ಪಾರಾ’ ಸ್ಪ್ಯಾನಿಷಿನಿಂದ ಬಂದ ‘ನಿಲ್ಲಿಸು’. ‘ಪೋ’ ಎಂಬುದು ನಮ್ಮ ‘ರೀ’ ಇದ್ದಂತೆ, ಟಗಾಲೊಗಿನ ಗೌರವಸೂಚಕ. ವಾಹನವೋ, ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳಿಂದ ಹುಟ್ಟಿದ್ದು. ನಾಲ್ಕು ಶತಮಾನಗಳ ಚರಿತ್ರೆಯನ್ನು ಎರಡು ಪದಗಳಲ್ಲಿ ಅರಗಿಸಿಕೊಂಡ ಭಾಷೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಆಡಂ ಸ್ಮಿತ್ ಮುಂದಿಟ್ಟ ನೀರು ಮತ್ತು ವಜ್ರದ ಒಗಟನ್ನು ಓದಿದ್ದೆ. ನೀರಿಲ್ಲದೆ ಬದುಕಿಲ್ಲ, ಆದರೆ ಅದಕ್ಕೆ ಬೆಲೆಯಿಲ್ಲ. ವಜ್ರದಿಂದ ಹೆಚ್ಚೇನೂ ಉಪಯೋಗವಿಲ್ಲ, ಆದರೆ ಅದರ ಬೆಲೆ ಅಪಾರ. ಐರಿಷ್ ವಜ್ರದಂಥ ಭಾಷೆ. ಸಂವಿಧಾನದ ಎರಡು ಪಠ್ಯಗಳ ನಡುವೆ ವಿರೋಧ ಕಂಡರೆ ಐರಿಷ್ ಪಠ್ಯವೇ ಅಂತಿಮ. ರಸ್ತೆಯ ಫಲಕಗಳಲ್ಲಿ ಅದರದೇ ಮೇಲಿನ ಸಾಲು. 2007ರಿಂದ ಅದು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆ, 2022ರಿಂದ ಪೂರ್ಣ ಸ್ಥಾನಮಾನದೊಂದಿಗೆ. ಫಿಲಿಪಿನೋ ನೀರಿನಂಥದು. ಮಾರುಕಟ್ಟೆ, ಮದುವೆ, ಜಗಳ, ಪ್ರಾರ್ಥನೆ ಎಲ್ಲ ಕಡೆ ಹರಿಯುತ್ತದೆ. ಆದರೆ ಕಾನೂನುಗಳ ರಚನೆ, ಉನ್ನತ ನ್ಯಾಯಾಲಯದ ತೀರ್ಪುಗಳು, ದೊಡ್ಡ ಪತ್ರಿಕೆಗಳು, ವಿಜ್ಞಾನ ಶಿಕ್ಷಣ ಬಹುತೇಕ ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಫಿಲಿಪಿನೋ ಕಡ್ಡಾಯ ವಿಷಯವಾಗಿರಬೇಕಿಲ್ಲವೆಂದು 2013ರಲ್ಲಿ ಉನ್ನತ ಶಿಕ್ಷಣ ಆಯೋಗ ಆದೇಶಿಸಿದಾಗ ಅಧ್ಯಾಪಕರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಆದೇಶವನ್ನೇ ಎತ್ತಿಹಿಡಿಯಿತು.

ಎರಡೂ ದೇಶಗಳ ರಾಷ್ಟ್ರಗೀತೆಗಳ ಕಥೆ ಇಲ್ಲಿ ನೆನಪಾಗುತ್ತದೆ. ಐರ್ಲೆಂಡಿನ ಗೀತೆಯನ್ನು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ, ಇಂದು ಹಾಡುವುದು ಅದರ ಐರಿಷ್ ಅನುವಾದ. ಫಿಲಿಪ್ಪೀನ್ಸಿನ ಗೀತೆಗೆ ಮೊದಲು ಸಿಕ್ಕ ಸಾಹಿತ್ಯ ಸ್ಪ್ಯಾನಿಷ್ ಕವಿತೆ, ಇಂದು ಹಾಡುವುದು ಫಿಲಿಪಿನೋ ರೂಪ. ಹಾಗೆಯೇ ಹಾಡಬೇಕೆಂದು 1998ರ ಕಾನೂನೂ ಇದೆ. ಹೊಸೆ ರಿಸಾಲ್ ತನ್ನ ಜನರನ್ನು ಎಬ್ಬಿಸಿದ ಕಾದಂಬರಿಗಳನ್ನು ಬರೆದದ್ದು ಸ್ಪ್ಯಾನಿಷಿನಲ್ಲಿ, ಯೇಟ್ಸ್ ಐರ್ಲೆಂಡನ್ನು ಹಾಡಿದ್ದು ಇಂಗ್ಲಿಷಿನಲ್ಲಿ. ಸ್ವಾಭಿಮಾನವೂ ಒಮ್ಮೊಮ್ಮೆ ಪರಭಾಷೆಯಲ್ಲಿ ಹುಟ್ಟಿ ಅನುವಾದವಾಗಿ ಮನೆಗೆ ಬರುತ್ತದೆ.

ಈ ಸ್ಥಿತಿಗೆ ಕಾರಣ ಜನರ ಅಭಿಮಾನಶೂನ್ಯತೆ ಎನ್ನುವುದು ಸುಲಭ. ಆದರೆ ವಿದೇಶಗಳಲ್ಲಿ ದುಡಿಯುವ ಫಿಲಿಪ್ಪೀನ್ಸಿನವರು ಮನೆಗೆ ಕಳಿಸುವ ಹಣ ವರ್ಷಕ್ಕೆ 30 ಶತಕೋಟಿ ಡಾಲರಿಗೂ ಮಿಕ್ಕಿದೆ. ಅಲ್ಲಿನ ಕಾಲ್ ಸೆಂಟರುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಬಹುರಾಷ್ಟ್ರೀಯ ಕಂಪನಿಗಳು ಡಬ್ಲಿನ್ನಿಗೆ ಬಂದದ್ದಕ್ಕೆ ಕಡಿಮೆ ತೆರಿಗೆಯಷ್ಟೇ ಅಲ್ಲ, ಇಂಗ್ಲಿಷೂ ಕಾರಣ. ಇಂಗ್ಲಿಷ್ ಕಲಿತ ಒಬ್ಬೊಬ್ಬ ವ್ಯಕ್ತಿಗೂ ಲಾಭ ಕಣ್ಣಿಗೆ ಕಾಣುತ್ತದೆ. ಸ್ವಭಾಷೆ ಸೊರಗಿದಾಗ ಆಗುವ ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗಿ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಸಾರ್ವಜನಿಕ ಸ್ವತ್ತಿನ ಪಾಡೇ ಅದು. ಆದ್ದರಿಂದಲೇ ಸರ್ಕಾರ ಮಧ್ಯೆ ಪ್ರವೇಶಿಸುವುದು ಅಗತ್ಯ. ಪ್ರಶ್ನೆ ಇರುವುದು, ಹೇಗೆ ಎಂಬುದರಲ್ಲಿ.

ಐರ್ಲೆಂಡ್ ತಡವಾಗಿಯಾದರೂ ಒಂದು ಪಾಠ ಕಲಿತಿದೆ. ಎಪ್ಪತ್ತರ ದಶಕದಲ್ಲಿ ಪರೀಕ್ಷೆಯ ಕತ್ತಿ ಇಳಿದ ಮೇಲೆ, ಪೋಷಕರು ತಾವಾಗಿಯೇ ಸೇರಿ ನಗರಗಳಲ್ಲಿ ಐರಿಷ್ ಮಾಧ್ಯಮದ ಶಾಲೆಗಳನ್ನು ತೆರೆಯತೊಡಗಿದರು. ಇಂದು ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಸುಮಾರು ಶೇ 8ರಷ್ಟು ಮಂದಿ ಐರಿಷಿನಲ್ಲೇ ಕಲಿಯುತ್ತಿದ್ದಾರೆ. 1996ರಲ್ಲಿ ಆರಂಭವಾದ ಐರಿಷ್ ಟಿ.ವಿ. ವಾಹಿನಿ ಆ ಭಾಷೆಗೆ ಕ್ರೀಡೆ, ಕಾರ್ಟೂನು, ಧಾರಾವಾಹಿಗಳನ್ನು ತಂದಿತು. 2022ರಲ್ಲಿ ತೆರೆಕಂಡ ‘ಅನ್ ಕಲೀನ್ ಕ್ಯೂನ್’ ಎಂಬ ಐರಿಷ್ ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. 2030ರ ವೇಳೆಗೆ ಸರ್ಕಾರಿ ಸೇವೆಯ ಹೊಸ ನೇಮಕಾತಿಯಲ್ಲಿ ಶೇ 20ರಷ್ಟು ಮಂದಿ ಐರಿಷ್ ಬಲ್ಲವರಾಗಿರಬೇಕೆಂಬ ಗುರಿಯನ್ನು 2021ರ ಕಾನೂನು ಹಾಕಿಕೊಂಡಿದೆ. ಎಲ್ಲರಿಗೂ ಷರತ್ತು ವಿಧಿಸುವ ಬದಲು, ಐರಿಷಿನಲ್ಲಿ ಅರ್ಜಿ ಕೊಟ್ಟವನಿಗೆ ಐರಿಷಿನಲ್ಲೇ ಉತ್ತರಿಸಬಲ್ಲವರು ಕಚೇರಿಯಲ್ಲಿರಲಿ ಎಂಬ ವಿವೇಕ ಇದು. ದಿನಬಳಕೆಯ ಅಂಕಿ ಇನ್ನೂ ಮೇಲೇರಿಲ್ಲ, ನಿಜ. ಆದರೆ ಭಾಷೆಯ ಬಗೆಗಿದ್ದ ಮುಜುಗರ ಹೋಗಿದೆ.

ಫಿಲಿಪ್ಪೀನ್ಸಿನದು ಇನ್ನೊಂದು ಪಾಠ, ಕಹಿಯಾದದ್ದು. ಸೆಬುವಿನ ಆ ದಾದಿ ಹೇಳಿದ ಮಾತು ಇದು: ‘ಇಂಗ್ಲಿಷ್ ದೂರದವರ ಭಾಷೆ, ಅದು ಎಲ್ಲರಿಗೂ ಸಮಾನವಾಗಿ ಪರಕೀಯ. ಫಿಲಿಪಿನೋ ಮನಿಲಾದವರ ಭಾಷೆ, ಅವರಿಗೆ ಅದು ಹುಟ್ಟಿನಿಂದ ಬರುತ್ತದೆ, ನಮಗೆ ಪರೀಕ್ಷೆಯಿಂದ.’ 2009ರಿಂದ ಆ ದೇಶ ಆರಂಭಿಕ ತರಗತಿಗಳಲ್ಲಿ ಮಗುವಿನ ಮನೆಮಾತಿನಲ್ಲೇ ಕಲಿಸುವ ನೀತಿಯನ್ನು ಕೈಗೊಂಡಿತು. 2013ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಆದರೆ ಪಠ್ಯಪುಸ್ತಕ, ಶಿಕ್ಷಕರ ಕೊರತೆಗಳ ನಡುವೆ, 2024ರ ಅಕ್ಟೋಬರಿನಲ್ಲಿ ಇನ್ನೊಂದು ಕಾನೂನು ಆ ಕಡ್ಡಾಯವನ್ನು ತೆಗೆದು ಫಿಲಿಪಿನೋ ಮತ್ತು ಇಂಗ್ಲಿಷಿಗೆ ಮರಳಿತು. ಇಂಗ್ಲಿಷಿನ ನೆರಳಲ್ಲಿ ನಲುಗಿದೆನೆಂದು ದೂರುವ ಭಾಷೆ ತನ್ನ ನೆರಳಲ್ಲಿ ನಲುಗುವವರನ್ನು ಗಮನಿಸದೆ ಹೋಗಬಹುದು.

ಫಿಲಿಪಿನೋದಲ್ಲಿ ‘ನಾವು’ ಎಂಬುದಕ್ಕೆ ಎರಡು ಪದಗಳಿವೆ. ‘ತಾಯೊ’ ಎಂದರೆ ಎದುರಿಗಿರುವ ನಿಮ್ಮನ್ನೂ ಸೇರಿಸಿಕೊಂಡ ನಾವು. ‘ಕಮಿ’ ಎಂದರೆ ನಿಮ್ಮನ್ನು ಬಿಟ್ಟ ನಾವು. ತಮಿಳು, ತೆಲುಗುಗಳಲ್ಲಿ ಈ ಭೇದವಿದೆ. ನಮ್ಮ ತುಳುವಿನಲ್ಲಿಯೂ ‘ನಮ’ ಮತ್ತು ‘ಎಂಕುಳು’ ಎಂದು ಇದೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ‘ನಮ್ಮ ಭಾಷೆ’ ಎಂದು ಒಂದು ಸರ್ಕಾರ ಘೋಷಿಸುವಾಗ ಆ ‘ನಮ್ಮ’ ಯಾವುದು ಎಂಬ ಪ್ರಶ್ನೆಯನ್ನು ಫಿಲಿಪ್ಪೀನ್ಸಿನವರು ತಮ್ಮ ವ್ಯಾಕರಣದ ಬಲದಿಂದಲೇ ಕೇಳಬಲ್ಲರು. ನಾವು ಪ್ರಯತ್ನಪೂರ್ವಕ ಕೇಳಿಕೊಳ್ಳಬೇಕು.

ನಮ್ಮ ಸಂವಿಧಾನ ರಚಿಸಿದವರು ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಐರ್ಲೆಂಡಿನ 1937ರ ಸಂವಿಧಾನದಿಂದಲೇ ಪಡೆದರು. ಆದರೆ ‘ರಾಷ್ಟ್ರಭಾಷೆ’ ಎಂಬ ಪದವನ್ನು ಅಲ್ಲಿಂದ ತರದೆ ‘ಅಧಿಕೃತ ಭಾಷೆ’ ಎಂಬಲ್ಲಿಗೆ ನಿಂತರು. ಇದು ಅವರ ದೂರದೃಷ್ಟಿಯೆಂದೇ ನಾನು ಭಾವಿಸಿದ್ದೇನೆ. ಕರ್ನಾಟಕದಲ್ಲಿ 1963ರಿಂದ ಅಧಿಕೃತ ಭಾಷಾ ಕಾಯ್ದೆಯಿದೆ. ಸೇವೆಯುದ್ದಕ್ಕೂ ನಾನು ಕಂಡದ್ದೇನು? ಕನ್ನಡ ಪರೀಕ್ಷೆ ಪಾಸು ಮಾಡಿದವರೇ ಕಡತದ ಮೇಲೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಮುಜುಗರದಿಂದಲೇ ಒಪ್ಪಿಕೊಳ್ಳುತ್ತೇನೆ, ತುರ್ತಿನ ಕಡತಗಳಲ್ಲಿ ನಾನೂ ಹಾಗೆ ಮಾಡಿದ್ದೇನೆ. ತಾಲ್ಲೂಕು ಕಚೇರಿಯಲ್ಲಿ ನೀರಿನಂತಿದ್ದ ಕನ್ನಡ, ಸಚಿವಾಲಯದ ಮೆಟ್ಟಿಲೇರುತ್ತ ವಜ್ರವಾಗುತ್ತಿತ್ತು.

ಕಳೆದ ತಿಂಗಳು ಬೆಂಗಳೂರಿನಲ್ಲಿ ಮೂರನೆಯ ತರಗತಿ ಓದುವ ನನ್ನ ಮೊಮ್ಮಗಳ ಶಾಲಾ ಡೈರಿಗೆ ಸಹಿ ಹಾಕಲು ಕೂತೆ. ಆಟದ ಬಿಡುವಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಹತ್ತು ರೂಪಾಯಿ ದಂಡವೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ನೂರೈವತ್ತು ವರ್ಷಗಳ ಹಿಂದಿನ ಐರಿಷ್ ಮಗುವಿನ ಕೊರಳ ಕೋಲು ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚು ಕಾಡಿದ್ದು, ನನ್ನ ಮಗ ಅದಾಗಲೇ ಅದರ ಕೆಳಗೆ ಸಹಿ ಹಾಕಿದ್ದ. ‘ಹತ್ತು ರೂಪಾಯಿ ತಾನೇ ಅಪ್ಪಾ, ಬಿಡಿ’ ಎಂದ.

ಬಿಡಲಿಲ್ಲ. ಮರುದಿನ ಶಾಲೆಗೆ ಹೋಗಿ ಮುಖ್ಯ ಶಿಕ್ಷಕಿಯವರೊಡನೆ ಮಾತಾಡಿದೆ. ‘ಇಂಗ್ಲಿಷ್ ಚೆನ್ನಾಗಿ ಕಲಿಸಿ, ನಮಗೂ ಅದು ಬೇಕು. ಆದರೆ ಮಗು ಅಜ್ಜಿಯೊಡನೆ ಆಡುವ ಮಾತಿಗೆ ದಂಡ ಹಾಕಬೇಡಿ’ ಎಂದೆ. ‘ಪೋಷಕರೇ ಕೇಳಿಕೊಂಡಿದ್ದಾರೆ ಸಾರ್’ ಎಂದರು ಆಕೆ. ಆ ಉತ್ತರ ಸುಳ್ಳಾಗಿರಲಿಲ್ಲ. ಹಾಗಾದರೆ ಮುಂದಿನ ಪೋಷಕರ ಸಭೆಗೆ ನಾನೂ ಬರುತ್ತೇನೆಂದು ಹೇಳಿ ಬಂದಿದ್ದೇನೆ. ಮಗನೂ ಬರುತ್ತೇನೆಂದಿದ್ದಾನೆ.